ಸಾಕಮ್ಮನ ಕೈಯ ಅಂಕ

ಕುದುರೆಗಳು ಓಡುವ ಮೊದಲೇ ಓಟ ಮುಗಿದಿರುತ್ತಿತ್ತು. ದೊಡ್ಡಬಯಲು ರೇಸ್ ಮೈದಾನದ ಮೂರನೇ ಮಹಡಿಯಲ್ಲಿ, ಕಿಟಕಿಗಳಿಗೆ ಕಪ್ಪು ಗಾಜು ಕೂರಿಸಿದ ಕೋಣೆಯೊಳಗೆ, ಬೆಳಗ್ಗೆ ಹತ್ತು ಗಂಟೆಗೇ ಅದು ಹನ್ನೆರಡು ಪರದೆಗಳ ಮೇಲೆ ಮುಗಿದು, ಮೊದಲು ಬರುವವರು ಯಾರು, ಕೊನೆಗೆ ಉಳಿಯುವವರು ಯಾರು, ನಡುವೆ ಎಷ್ಟು ಅಂತರ ಎಂಬುದೆಲ್ಲ ಸಾಲುಸಾಲಾಗಿ ನಿಂತಿರುತ್ತಿತ್ತು. ಮಧ್ಯಾಹ್ನ ಕೆಳಗಡೆ ಹುಲ್ಲಿನ ಮೇಲೆ, ಸಾವಿರಾರು ಜನರ ಕೂಗಾಟದ ನಡುವೆ ನಡೆಯುತ್ತಿದ್ದುದು ಅದರ ನಕಲು ಅಷ್ಟೇ.

ಹಿಂದೆಲ್ಲ ಇದನ್ನು ಕಣ್ಣಂದಾಜಿನಲ್ಲಿ ಮಾಡುತ್ತಿದ್ದರು. ಕುದುರೆಯ ಹಳೆಯ ಓಟಗಳನ್ನು ನೋಡಿ ಒಬ್ಬ ಅಧಿಕಾರಿ ಅದಕ್ಕೊಂದು ರೇಟಿಂಗ್ ಕೊಡುತ್ತಿದ್ದ. ಹೆಚ್ಚು ರೇಟಿಂಗ್ ಇದ್ದ ಕುದುರೆಯ ಜೀನಿನ ಜೇಬಿಗೆ ಒಂದು ಅಂಕಕ್ಕೆ ಅರ್ಧ ಕಿಲೋದಂತೆ ಸೀಸದ ಬಿಲ್ಲೆ ತುಂಬಿ ಎಲ್ಲವನ್ನೂ ಸರಿಸಮ ಮಾಡುತ್ತಿದ್ದರು. ಈಗ ಪ್ರತಿ ಕುದುರೆಯ ಎದೆಗೂ ಒಂದು ಪಟ್ಟಿ. ಅದರ ಎದೆಬಡಿತ, ಉಸಿರು, ಹೆಜ್ಜೆಯ ಉದ್ದ, ಯಾವ ಕಾಲಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದೆಲ್ಲ ಕ್ಷಣಕ್ಕೆ ನೂರು ಸಲ ಮೇಲಿನ ಕೋಣೆಗೆ ಹೋಗುತ್ತಿತ್ತು. ಆ ರಾಶಿಯಿಂದ ಯಂತ್ರ ರೇಟಿಂಗ್ ತೆಗೆಯುತ್ತಿತ್ತು, ರೇಟಿಂಗಿನಿಂದ ಫಲಿತಾಂಶ ತೆಗೆಯುತ್ತಿತ್ತು. ಪಣ ಕಟ್ಟುವ ಜನರಿಗೆ ರೇಟಿಂಗ್ ಮಾತ್ರ ಕಾಣುತ್ತಿತ್ತು. ಫಲಿತಾಂಶ ಕಂಪನಿಯ ಬಳಿ ಇರುತ್ತಿತ್ತು. ಯಾವ ಕುದುರೆಗೆ ಎಷ್ಟು ದರ ಎಂದು ಗೊತ್ತುಮಾಡುವವರೂ ಕಂಪನಿಯವರೇ ಆದ್ದರಿಂದ, ಇಡೀ ದೇಶದ ಫೋನುಗಳಿಂದ ಹರಿದುಬರುತ್ತಿದ್ದ ಆಸೆಯೆಲ್ಲ ಯಾವ ತೂಬಿನಲ್ಲಿ ಇಳಿದುಹೋಗಬೇಕೆಂದು ಮೊದಲೇ ತೀರ್ಮಾನವಾಗಿರುತ್ತಿತ್ತು.

ಆ ಕೋಣೆಯಲ್ಲಿ ನೀಲವೇಣಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಅಲ್ಲಿದ್ದ ಹದಿನಾಲ್ಕು ಮಂದಿಯಲ್ಲಿ ಕುದುರೆ ಲದ್ದಿಯ ವಾಸನೆಯಲ್ಲಿ ಹುಟ್ಟಿ ಬೆಳೆದವಳು ಅವಳೊಬ್ಬಳೇ. ಮೈದಾನದ ಹಿಂಬದಿಯ ಸೈಸ್ ಲೈನಿನಲ್ಲಿ, ಅಂದರೆ ಕುದುರೆ ನೋಡಿಕೊಳ್ಳುವ ಆಳುಗಳಿಗೆ ಕಂಪನಿ ಕಟ್ಟಿಸಿಕೊಟ್ಟ ಸಿಮೆಂಟ್ ಶೀಟಿನ ಸಾಲುಮನೆಗಳಲ್ಲಿ, ಅವಳ ಮನೆ. ಅಪ್ಪ ಸೈಸ್ ಆಗಿದ್ದ, ಕುದುರೆ ಒದ್ದು ಸತ್ತ. ಅವನ ಜಾಗಕ್ಕೆ ಅವ್ವ ಸಾಕಮ್ಮ ನಿಂತಳು. ಹೆಂಗಸು ಲಾಯಕ್ಕಿಳಿಯುವುದೇ ಎಂದು ನೆಂಟರಿಷ್ಟರೆಲ್ಲ ನಕ್ಕಾಗ, ಸಾಕಮ್ಮನ ಅಕ್ಕ ಪುಟ್ಟಮಾದಮ್ಮ ಕೊಳ್ಳೇಗಾಲದ ಕಡೆಯ ಮಾದಯ್ಯನಹುಂಡಿಯಿಂದ ಬಂದು ಒಂಬತ್ತು ದಿನ ಲಾಯದ ಬಾಗಿಲಲ್ಲೇ ಕೂತಿದ್ದಳು. ನಗುವವರು ತನ್ನ ಮುಖ ನೋಡಿಕೊಂಡು ನಗಲಿ ಎಂದು. ತಾಯಿ ಸತ್ತ ಮೇಲೆ ಸಾಕಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳೂ ಅವಳೇ.

ಬೆಳಗಿನ ಓಟಕ್ಕೂ ಮಧ್ಯಾಹ್ನದ ಓಟಕ್ಕೂ ಪೂರ್ತಿ ತಾಳೆ ಬೀಳುತ್ತಿರಲಿಲ್ಲ. ನೂರರಲ್ಲಿ ಏಳು ಸಲ ಯಂತ್ರ ಹೇಳಿದ ಕುದುರೆ ಬಾರದೆ ಇನ್ನೊಂದು ಬರುತ್ತಿತ್ತು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಕೋಣೆಯಲ್ಲಿ ಅದನ್ನು ಉಳಿಕೆ ಎಂದು ಕರೆಯುತ್ತಿದ್ದರು. ಉಳಿಕೆಯನ್ನು ಇಳಿಸುವುದೇ ನೀಲಳ ಕೆಲಸ. ಅವಳು ನೆಲದ ತೇವ ಸೇರಿಸಿದಳು, ಗಾಳಿಯ ದಿಕ್ಕು ಸೇರಿಸಿದಳು, ಲಾಳ ಕಟ್ಟಿ ಎಷ್ಟು ದಿನವಾಯಿತೆಂಬುದನ್ನೂ ಸೇರಿಸಿದಳು. ಏಳು ಏಳಾಗಿಯೇ ಉಳಿಯಿತು.

ಒಂದು ಸಂಜೆ ಸಾಕಮ್ಮ ಮುದ್ದೆ ತಿರುವುತ್ತ ಒಂಬತ್ತನೇ ಲಾಯದ ಹೆಣ್ಣುಕುದುರೆಯ ಸುದ್ದಿ ಎತ್ತಿದಳು. ರೇಸಿನ ಪುಸ್ತಕದಲ್ಲಿ ಅದರ ಹೆಸರು ಸ್ಕಾರ್ಲೆಟ್ ಎಡಿಕ್ಟ್. ಸಾಕಮ್ಮನಿಗೆ ಅದು ಕೆಂಪಿ. ಆ ಬೆಳಗ್ಗೆ ನಲ್ಲಿಯ ಹತ್ತಿರ ಪಕ್ಕದ ಮನೆಯ ಜವರಮ್ಮನ ಜೊತೆ ಜಗಳವಾಡಿಕೊಂಡು ಲಾಯಕ್ಕೆ ಹೋಗಿದ್ದಳಂತೆ. ಕೆಂಪಿ ಹುರುಳಿಯನ್ನು ಮೂಸಿಯೂ ನೋಡಲಿಲ್ಲವಂತೆ.

"ನಾನು ಕ್ವಾಪದಲ್ಲಿ ಓದ್ರೆ ಅದು ಗ್ವಾಡೆ ಕಡೆ ತಿರಿಕತದೆ ಕಣ್ಮಗ," ಎಂದಳು ಸಾಕಮ್ಮ. "ಯಾರೂ ಯೋಳ್ಕೊಡ್ಬೇಕಾಗಿಲ್ಲ ಅದ್ಕೆ."

ನೀಲ ತಟ್ಟೆಯ ಮುಂದೆ ಕೈ ಕಟ್ಟಿ ಕುಳಿತುಬಿಟ್ಟಳು. ರೇಸಿನ ಪುಸ್ತಕದಲ್ಲಿ ಕುದುರೆಯ ಅಪ್ಪನ ಹೆಸರಿದೆ, ಅವ್ವನ ಹೆಸರಿದೆ, ಒಡೆಯನದು, ತರಬೇತುದಾರನದು, ಸವಾರನದು, ಒಡೆಯ ಇಷ್ಟಪಡುವ ಅಂಗಿಯ ಬಣ್ಣ ಕೂಡ ಇದೆ. ದಿನಕ್ಕೆ ಹದಿನಾಲ್ಕು ಗಂಟೆ ಅದರ ಮೈಯುಜ್ಜಿ, ಲದ್ದಿ ಎತ್ತಿ, ಅದರ ಬಾಗಿಲಲ್ಲೇ ಗೋಣಿ ಹಾಸಿ ಮಲಗುವವರ ಹೆಸರು ಎಲ್ಲೂ ಇಲ್ಲ. ಯಂತ್ರದ ರಾಶಿಯಲ್ಲೂ ಇಲ್ಲ.

ಲೈನಿನ ತುದಿಯಲ್ಲಿ ಅಖ್ತರನ ಕುಲುಮೆಯಿತ್ತು. ಲಾಳ ಕಟ್ಟುವ ಅಖ್ತರ್ ಇಪ್ಪತ್ತೆರಡು ವರ್ಷದಿಂದ ಭಾನುವಾರ ಬೆಳಗ್ಗೆ ಕುಲುಮೆ ಆರಿಸಿ, ಲಾಳ ಬಡಿಯುವ ಕಬ್ಬಿಣದ ಅಡಿಗಲ್ಲಿನ ಸುತ್ತ ಚಾಪೆ ಹಾಸಿ, ಲೈನಿನ ಹುಡುಗ ಹುಡುಗಿಯರನ್ನೆಲ್ಲ ಕೂಡಿಸಿಕೊಂಡು ಪುಸ್ತಕ ಓದಿಸುತ್ತಿದ್ದ. ನೀಲ ಅಲ್ಲಿಯೇ ಅಕ್ಷರದ ರುಚಿ ಕಂಡವಳು. ಲೆಕ್ಕದೊಳಗೆ ಬಾರದ ದುಡಿಮೆಯನ್ನು ಒಡೆಯ ಪುಕ್ಕಟೆ ತಿನ್ನುತ್ತಾನೆ, ಮೊದಲು ಅದನ್ನು ಕಾಣಿಸಬೇಕು, ಹೆಸರಿಡಬೇಕು ಎಂದು ಆ ಚಾಪೆಯ ಮೇಲೆ ಎಷ್ಟು ಭಾನುವಾರ ವಾದಿಸಿದ್ದರೋ. ಅವ್ವನ ಕೈ ಕಾಣಿಸಲು ತನಗಿಂತ ಒಳ್ಳೆಯ ಜಾಗ ಯಾರಿಗೆ ಸಿಕ್ಕೀತು ಎನಿಸಿತು ಅವಳಿಗೆ.

ಮಾರನೆಯ ದಿನ ಅವಳು ಯಂತ್ರದ ಕೋಷ್ಟಕಕ್ಕೆ ಒಂದು ಹೊಸ ಅಂಕಣ ಸೇರಿಸಿದಳು. ಅದರ ತಲೆಯ ಮೇಲೆ ಸೈಸ್ ಎಂದು ಬರೆದಳು. ಹಾಜರಿ ಪುಸ್ತಕಗಳನ್ನು ತರಿಸಿ ನಾಲ್ಕು ವರ್ಷದ ನೂರಾ ನಲವತ್ತು ಹೆಸರುಗಳನ್ನು, ಯಾವ ದಿನ ಯಾವ ಕುದುರೆಯ ಹತ್ತಿರ ಯಾರಿದ್ದರು ಎಂದು ಕೂತು ತುಂಬಿಸಿದಳು. ಅದಕ್ಕೆ ಮೂರು ವಾರ ಹಿಡಿಯಿತು. ಯಂತ್ರ ಹನ್ನೊಂದು ನಿಮಿಷ ಯೋಚಿಸಿತು. ಉಳಿಕೆ ಏಳರಿಂದ ಎರಡಕ್ಕೆ ಬಿತ್ತು.

ಕೋಣೆಯವರೆಲ್ಲ ಎದ್ದು ಅವಳ ಪರದೆಯ ಹಿಂದೆ ನಿಂತರು. ಮುಖ್ಯ ವಿಶ್ಲೇಷಕ ಅನಿರುದ್ಧ ಅವಳ ಕೈ ಕುಲುಕಿದ. ಅವಳು ವರದಿ ಬರೆದಳು: ಕುದುರೆಯ ಓಟದಲ್ಲಿ ಸೈಸ್‌ನ ಕೈಯ ಪಾಲಿದೆ, ಅದನ್ನು ಅಳೆಯಬಹುದು. ಆದ್ದರಿಂದ ರೇಸಿನ ಪುಸ್ತಕದಲ್ಲಿ ಸೈಸ್‌ನ ಹೆಸರು ಅಚ್ಚಾಗಬೇಕು, ಬಹುಮಾನದಲ್ಲಿ ಅವರಿಗೆ ಪಾಲು ಸಿಗಬೇಕು. ವರದಿ ಮೇಲಿನವರ ಸಭೆಗೆ ಹೋಯಿತು. ಸಭೆಯ ಪರದೆಯ ಮೇಲೆ ಅದು ಮೂಡಿದಾಗ ಮೊದಲ ವಾಕ್ಯ ಇತ್ತು, ಎರಡನೆಯದು ಇರಲಿಲ್ಲ.

ಎರಡು ತಿಂಗಳಿಗೆ ಲೈನಿನವರ ಮಣಿಕಟ್ಟಿಗೆಲ್ಲ ಬೂದುಬಣ್ಣದ ರಬ್ಬರಿನ ಕೈಪಟ್ಟಿ ಬಂತು. ಒಳಗಡೆ ನಾಡಿ ನೋಡುವ ಕಣ್ಣು, ಹೊರಗಡೆ ಕಂಪನಿಯ ಬೀಗ. ಸೋಮವಾರ ಮಾತ್ರ ತೆಗೆದು ತೊಳೆದು ಮತ್ತೆ ಹಾಕುತ್ತಿದ್ದರು. ಕುದುರೆಯ ಎದೆಪಟ್ಟಿಯನ್ನೂ ಸೈಸ್‌ನ ಕೈಪಟ್ಟಿಯನ್ನೂ ಕೂಡಿಸಿ ನೋಡಿದಾಗ ಯಂತ್ರಕ್ಕೆ ಇನ್ನೊಂದು ತಿಳಿಯಿತು: ಆಳಿನ ನಾಡಿ ಕಲಕಿದರೆ ಅರ್ಧ ಗಂಟೆಯೊಳಗೆ ಕುದುರೆಯ ಎದೆಬಡಿತವೂ ಕಲಕುತ್ತದೆ. ಪ್ರತಿಯೊಬ್ಬರಿಗೂ ಒಂದು ಕೈ ಅಂಕ ಬಿತ್ತು, ಅವರ ಕೈ ಕುದುರೆಯ ರೇಟಿಂಗನ್ನು ಎಷ್ಟು ಏರಿಸುತ್ತದೆ ಅಥವಾ ಇಳಿಸುತ್ತದೆ ಎಂಬ ಲೆಕ್ಕ. ನಲ್ಲಿಯ ಪಕ್ಕದ ಹಲಗೆಯ ಮೇಲೆ ಪ್ರತಿ ಶುಕ್ರವಾರ ಅದು ಮೂಡುತ್ತಿತ್ತು. ಸಾಕಮ್ಮನದು ನಾಲ್ಕು ಪಾಯಿಂಟ್ ಒಂದು. ಇಡೀ ಲೈನಿಗೇ ಮೊದಲು. ಆ ಶುಕ್ರವಾರ ನೀಲ ಹಿಗ್ಗಿ ಮೈಸೂರುಪಾಕು ತಂದು ಹಂಚಿದ್ದಳು.

ಬೋರಯ್ಯನ ಅಂಕ ಸೊನ್ನೆಗಿಂತ ಕೆಳಗಿತ್ತು. ಐವತ್ತೆಂಟು ವರ್ಷದವನು, ಮೊಮ್ಮಗಳ ಕಾಯಿಲೆಯ ಚಿಂತೆಯಲ್ಲಿದ್ದವನು. ಒಂದು ತಿಂಗಳ ನೋಟಿಸು ಕೊಟ್ಟು ಮನೆ ಖಾಲಿ ಮಾಡಿಸಿದರು. ಅವನು ಹೋದ ಮೇಲೆ ಅವನ ಕುದುರೆ ಮೂರು ದಿನ ತಿನ್ನಲಿಲ್ಲ. ಯಂತ್ರ ಅದನ್ನು ಕುದುರೆಯ ದೋಷವೆಂದು ಬರೆದುಕೊಂಡು ರೇಟಿಂಗ್ ಇಳಿಸಿತು. ಇಳಿದ ಕುದುರೆಯನ್ನು ಮಾರಿಬಿಟ್ಟರು.

ಒಳ್ಳೆಯ ಅಂಕದವರ ಪಾಡು ಬೇರೆ ಬಗೆಯದು. ಒಳ್ಳೆಯ ಕೈ ಹೊಸ ಕುದುರೆಗೆ ಮೊದಲ ಹದಿನಾಲ್ಕು ದಿನ ಹೆಚ್ಚು ಹಿಡಿಸುತ್ತದೆಂದು ಯಂತ್ರ ಕಂಡುಕೊಂಡಿತ್ತು. ಹೀಗಾಗಿ ಮರುವರ್ಷ ಸಾಕಮ್ಮನನ್ನು ಕೆಂಪಿಯಿಂದ ಬಿಡಿಸಿದರು. ಹದಿನಾಲ್ಕು ದಿನಕ್ಕೊಂದು ಲಾಯ. ಅದರ ಗುಣ ಹಿಡಿದು, ಅದು ಇವಳ ಭುಜದ ಮೇಲೆ ಗಲ್ಲ ಇಡುವಷ್ಟರಲ್ಲಿ ಮುಂದಿನದಕ್ಕೆ ನಡೆ. ಹೊರಡುವಾಗ ಹಿಂದಿನಿಂದ ಕೆನೆತ. "ಎಮ್ಮೆಯಿಂದ ಕರ ಬುಡ್ಸ್ದಂಗೆ ಬುಡುಸ್ತಾರೆ ಮಗ," ಎಂದು ಒಂದು ದಿನ ಹೇಳಿ, ಮತ್ತೆ ಆ ಮಾತೆತ್ತಲಿಲ್ಲ. ಹೇಳಿದರೆ ನಾಡಿ ಏರುತ್ತದೆ ಎಂಬುದು ಅಷ್ಟರಲ್ಲಿ ಅವಳಿಗೂ ಗೊತ್ತಾಗಿತ್ತು.

ಲೈನು ನಿಧಾನವಾಗಿ ಮೂಕಾಯಿತು. ಓಟದ ಹಿಂದಿನ ದಿನಗಳಲ್ಲಿ ಮಕ್ಕಳನ್ನು ನೆಂಟರ ಮನೆಗೆ ಕಳಿಸತೊಡಗಿದರು. ಹೆಂಡತಿಯರು ತಮ್ಮ ಜ್ವರವನ್ನು ಗಂಡಂದಿರಿಂದ ಮುಚ್ಚಿಟ್ಟರು. ಜಗಳಗಳನ್ನೆಲ್ಲ ಸೋಮವಾರಕ್ಕೆ ಎತ್ತಿಡುತ್ತಿದ್ದರು, ಸೋಮವಾರ ಬಂದಾಗ ಜಗಳವಾಡುವ ಕಸುವೂ ಉಳಿದಿರುತ್ತಿರಲಿಲ್ಲ. ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದ ಜವರಮ್ಮ ಒಮ್ಮೆ ಎಲ್ಲರಿಗೂ ಕೇಳುವಂತೆ ಕೇಳಿದಳು: "ಏನವ್ವ ನೀಲ, ನನ್ನ ಗಂಡನ್ಗೆ ಇವತ್ತು ಬಯ್ಯಬೌದಾ, ಇಲ್ಲ ಬಾನುವಾರದ ಗಂಟ ತಡ್ಕಬೇಕಾ? ನಿನ್ನ ಕಂಪೂಟ್ರ ಕೇಳಿ ಯೋಳು." ನಾಲ್ಕು ಹೆಂಗಸರು ನಕ್ಕರು. ನೀಲ ತಲೆ ತಗ್ಗಿಸಿ ಬಿಂದಿಗೆ ಎತ್ತಿಕೊಂಡಳು.

ಆಮೇಲೆ ಶಾಂತ ಅವಧಿ ಬಂತು. ಓಟಕ್ಕೆ ಮುಂಚಿನ ನಲವತ್ತೆಂಟು ಗಂಟೆ, ಸೈಸ್‌ಗಳಿಗೆ ಕಂಪನಿ ಕೊಟ್ಟ ಫೋನುಗಳಿಗೆ ಬರುವ ಪ್ರತಿ ಸುದ್ದಿಯನ್ನೂ ಯಂತ್ರವೇ ಮೊದಲು ಓದುತ್ತಿತ್ತು. ಮನಸ್ಸು ಕಲಕುವಂಥದ್ದನ್ನು ಓಟ ಮುಗಿಯುವತನಕ ಹಿಡಿದಿಡುತ್ತಿತ್ತು. ಕಳಿಸಿದವರಿಗೆ ಮಾತ್ರ ಸುದ್ದಿ ತಲುಪಿದೆ ಎಂಬ ಗುರುತು ಕಾಣುತ್ತಿತ್ತು. ನೀಲ ಸಭೆಯಲ್ಲಿ ಎದ್ದು ನಿಂತು ಇದು ಅನ್ಯಾಯ ಎಂದಳು. ಅನಿರುದ್ಧ ಕೆಟ್ಟ ಮನುಷ್ಯನಲ್ಲ, ದನಿ ಏರಿಸುವವನೂ ಅಲ್ಲ. ಕಲಕಿದ ಮನಸ್ಸಿನವರ ಕೈಯಲ್ಲಿ ಕುದುರೆ ಎಡವಿ ಕಾಲು ಮುರಿದುಕೊಂಡರೆ ಅದನ್ನು ಗುಂಡಿಕ್ಕಬೇಕಾಗುತ್ತದೆ, ಇದು ಕುದುರೆಯ ಒಳ್ಳೆಯದಕ್ಕೇ ಎಂದು ವಿವರಿಸಿದ. ಇಷ್ಟಕ್ಕೂ ಇದನ್ನು ಕಂಡುಹಿಡಿದವರು ನೀವೇ ಅಲ್ಲವೇ ಎಂದು ಮೆಚ್ಚುಗೆಯಿಂದಲೇ ಕೇಳಿದ. ಅವಳು ಕೂತುಕೊಂಡಳು. ಕೆಲಸ ಬಿಟ್ಟರೆ ಮನೆಯೂ ಬಿಡಬೇಕು, ಅವ್ವನ ಕೆಲಸವೂ ಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆ ವರ್ಷದ ದೊಡ್ಡ ಓಟ ಮಾರ್ಚ್ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ ಮೂರೂ ಐವತ್ತಕ್ಕೆ. ಯಂತ್ರ ಕೆಂಪಿಯನ್ನು ಗೆಲ್ಲುವ ಕುದುರೆಯೆಂದು ಆರಿಸಿತ್ತು, ಒಂದು ಷರತ್ತಿನ ಮೇಲೆ: ಹದಿನಾಲ್ಕು ದಿನ ಸಾಕಮ್ಮನ ಕೈ ಇರಬೇಕು. ಹನ್ನೊಂದು ತಿಂಗಳ ಮೇಲೆ ಅವಳು ಮತ್ತೆ ಒಂಬತ್ತನೇ ಲಾಯಕ್ಕೆ ಹೋದ ದಿನ ಕೆಂಪಿ ಅವಳನ್ನು ಗುರುತಿಸದ ಹಾಗೆ ನಿಂತಿತ್ತಂತೆ. ಮೂರನೇ ದಿನ ಅವಳ ಸೆರಗು ಕಚ್ಚಿ ಹಿಡಿದು ಬಿಡಲೇ ಇಲ್ಲವಂತೆ.

ಓಟದ ದಿನ ಮೇಲಿನ ಕೋಣೆಯವರು ನಸುಕಿನಲ್ಲೇ ತಮ್ಮ ಫೋನುಗಳನ್ನು ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟು ಬರಬೇಕು. ಸುದ್ದಿ ತಡೆಯುವ ಪರದೆಯನ್ನು ನೋಡಿಕೊಳ್ಳುತ್ತಿದ್ದವನು ಅಂದು ರಜೆ ಹಾಕಿದ್ದರಿಂದ ಅದು ನೀಲಳ ಮೇಜಿಗೆ ಬಂತು. ಹನ್ನೆರಡೂ ನಲವತ್ತಕ್ಕೆ ಅವಳು ಅದನ್ನು ತೆರೆದಳು. ಇಪ್ಪತ್ತಮೂರು ಸುದ್ದಿಗಳಿದ್ದವು. ಏಳನೆಯದು ಬೆಳಗ್ಗೆ ಆರೂಕಾಲಿಗೆ ಬಂದದ್ದು, ದೊಡ್ಡವ್ವ ಪುಟ್ಟಮಾದಮ್ಮನ ಮಗ ಶಿವಮಾದು ಕಳಿಸಿದ್ದು.

ಚಿಕ್ಕವ್ವ, ಅವ್ವ ನಮ್ಮನ್ನು ಬಿಟ್ಟು ಹೋದಳು. ಮೂರು ಗಂಟೆಗೆ ಮಣ್ಣು. ನೀನು ಬೇಗ ಬಾ.

ಅದರ ಪಕ್ಕದಲ್ಲಿ ಯಂತ್ರ ತನ್ನ ಷರಾ ಬರೆದಿತ್ತು. ಮರಣ, ಹತ್ತಿರದ ರಕ್ತಸಂಬಂಧ. ಕೈ ಅಂಕದಲ್ಲಿ ಆಗಬಹುದಾದ ಇಳಿಕೆ ಮೂರು ಪಾಯಿಂಟ್ ನಾಲ್ಕು. ನಾಲ್ಕೂವರೆಯವರೆಗೆ ತಡೆ. ಅದರ ಕೆಳಗೆ ಗೇಟಿನವರ ಟಿಪ್ಪಣಿ: ಎರಡು ಸಲ ಫೋನು ಬಂತು, ತಿಳಿಸುತ್ತೇವೆ ಎಂದಿದ್ದೇವೆ.

ನೀಲಳಿಗೆ ಮೊದಲು ಅನಿಸಿದ್ದು ದುಃಖವಲ್ಲ. ತಾನು ಬರೆದದ್ದನ್ನು ಬೇರೆ ಯಾರೋ ಓದಿ ಹೇಳುತ್ತಿದ್ದಾರೆ ಎನಿಸಿತು. ಮೂರು ಪಾಯಿಂಟ್ ನಾಲ್ಕು ತೆಗೆಯುವ ಸೂತ್ರ ಅವಳದೇ.

ಅನಿರುದ್ಧನ ಮೇಜಿಗೆ ಹೋಗಿ ಹೇಳಿದಳು. ಅವನು ಪರದೆ ನೋಡಿದ, ಕನ್ನಡಕ ತೆಗೆದು ನಿಜವಾಗಿಯೂ ನೊಂದುಕೊಂಡ.

"ಓಟ ಮುಗಿಯಲಿ ನೀಲವೇಣಿ, ಕಂಪನಿಯ ಕಾರಿನಲ್ಲೇ ಕಳಿಸೋಣ," ಎಂದ.

"ಮೂರಕ್ಕೆ ಮಣ್ಣು ಸರ್. ಊರು ಎರಡು ಗಂಟೆ ದಾರಿ."

"ಹೋದವರಿಗೆ ಇನ್ನು ಗಂಟೆಯ ಹಂಗಿಲ್ಲ. ನೋಡಿ, ಇವತ್ತು ನಿಮ್ಮ ಫೋನು ಕೆಳಗಿದೆ. ನ್ಯಾಯವಾಗಿ ನಿಮಗೂ ಇದು ಗೊತ್ತಾಗಬಾರದಿತ್ತು. ಗೊತ್ತಿಲ್ಲ ಅಂದುಕೊಳ್ಳಿ."

ಅವಳು ತನ್ನ ಮೇಜಿಗೆ ಬಂದಳು. ಗೊತ್ತಿಲ್ಲ ಅಂದುಕೊಳ್ಳಲು ನೋಡಿದಳು. ಪರದೆಯ ಮೂಲೆಯಲ್ಲಿ ಅವ್ವನ ನಾಡಿ ಹಸಿರು ಗೆರೆಯಾಗಿ ನೆಟ್ಟಗೆ ಹರಿಯುತ್ತಿತ್ತು. ಅರವತ್ತಾರು, ಅರವತ್ತೈದು, ಅರವತ್ತಾರು. ಅಕ್ಕ ಸತ್ತು ಆರು ತಾಸಿನ ಮೇಲಾಗಿದೆ, ತಂಗಿಯ ಎದೆ ಏನೂ ಆಗಿಲ್ಲವೆಂಬಂತೆ ಬಡಿಯುತ್ತಿದೆ, ಕೆಳಗೆ ಕೆಂಪಿಯ ಗೆರೆ ಅದರ ತಾಳಕ್ಕೇ ಕೂಡಿಕೊಂಡು ಹೋಗುತ್ತಿದೆ. ಇಷ್ಟು ಚೊಕ್ಕವಾದ ಗೆರೆಗಳನ್ನು ಆ ಕೋಣೆ ಈವರೆಗೆ ಕಂಡಿರಲಿಲ್ಲ.

ಅವಳು ಇಪ್ಪತ್ತಮೂರು ಸುದ್ದಿಗಳನ್ನೂ ಕಾಗದದ ಮೇಲೆ ಮುದ್ರಿಸಿಕೊಂಡು, ಯಾರಿಗೂ ಹೇಳದೆ ಮೆಟ್ಟಿಲಿಳಿದಳು.

ಒಂಬತ್ತನೇ ಲಾಯದಲ್ಲಿ ಸಾಕಮ್ಮ ಬ್ರಷ್ಷು ಹಿಡಿದು ಕೆಂಪಿಯ ಕೊರಳು ಉಜ್ಜುತ್ತಿದ್ದಳು. ಓಟದ ದಿನ ಮಗಳು ಕೆಳಗಿಳಿದು ಬಂದದ್ದು ಅದೇ ಮೊದಲು. ನೀಲ ಸುತ್ತಿಬಳಸದೆ ಹೇಳಿಬಿಟ್ಟಳು. ದೊಡ್ಡವ್ವ ಇಲ್ಲ, ಬೆಳಗ್ಗೆಯೇ ಸುದ್ದಿ ಬಂದಿತ್ತು, ಮೇಲೆ ತಡೆದಿದ್ದರು, ಮೂರಕ್ಕೆ ಮಣ್ಣು.

ಬ್ರಷ್ಷು ಕೆಂಪಿಯ ಕೊರಳ ಮೇಲೆಯೇ ನಿಂತುಹೋಯಿತು. ಸಾಕಮ್ಮ ಅಳಲಿಲ್ಲ. ಕೈಪಟ್ಟಿ ಕಲಿಸಿದ ಎರಡು ವರ್ಷದ ಅಭ್ಯಾಸ. ಅವಳ ಮೈ ಅಳುವುದನ್ನು ಒಳಗೇ ತಡೆದು ನಿಲ್ಲಿಸಿತು. ಆದರೂ ಕೈಪಟ್ಟಿಯ ಮೇಲೆ ಕೆಂಪು ದೀಪ ಮಿನುಗತೊಡಗಿತು. ಕೆಂಪಿ ಕಿವಿ ಹಿಂದಕ್ಕೆ ಮಡಿಸಿ ಒಂದು ಹೆಜ್ಜೆ ಸರಿಯಿತು.

ಸಾಕಮ್ಮ ಅದನ್ನೇ ನೋಡುತ್ತ ಕೇಳಿದಳು: "ನನ್ನೆದೆ ಒಡುದ್ರೆ ಇದ್ರ ಕಾಲು ಸೋಲ್ತದೆ ಅಂತ ಅವ್ರಿಗೆ ಯಾರು ಯೋಳುದ್ರು ಮಗ?"

"ನಾನೇ ಕಣವ್ವ."

ಸಾಕಮ್ಮ ಅವಳನ್ನೇ ನೋಡಿದಳು.

"ನಿನ್ನ ಕೈ ಬೆಲೆ ಅವ್ರಿಗೆ ತಿಳೀಲಿ ಅಂತ ಮಾಡ್ದೆ," ಎಂದಳು ನೀಲ. "ನಿನ್ನ ಹೆಸ್ರು ಎಲ್ಲೂ ಇರ್ಲಿಲ್ಲ."

"ಬರ್ಕೋ ಅಂತ ನಾ ಕೇಳಿದ್ನಾ?" ಸಾಕಮ್ಮನ ದನಿ ಏರಲಿಲ್ಲ. "ನನ್ನ ಕೂಲಿ ಅವ್ರತ್ರ ಇತ್ತು, ನನ್ನ ಮನೆ ಅವ್ರತ್ರ ಇತ್ತು. ನನ್ನ ಸಂಕಟ ಒಂದು ನನ್ತವೇ ಇತ್ತು ಮಗ. ಅದನ್ನೂ ಒಯ್ದು ಕೊಟ್ಟಲ್ಲ."

ನೀಲ ಕೈಯಲ್ಲಿದ್ದ ಕಾಗದ ಬಿಡಿಸಿದಳು. ಅಷ್ಟರಲ್ಲಿ ಅಕ್ಕಪಕ್ಕದ ಲಾಯಗಳಿಂದ ಒಬ್ಬೊಬ್ಬರೇ ಬಂದು ನಿಂತಿದ್ದರು. ಕೆಂಪು ದೀಪ ಮಿನುಗಿದರೆ ದೂರ ಹೋಗಬೇಕೆಂಬುದು ನಿಯಮ, ಅವರು ಹತ್ತಿರವೇ ಬಂದರು. ಸಾಕಮ್ಮ ಕಾಗದದ ಕಡೆ ಕೈ ತೋರಿಸಿ, ಅದರಲ್ಲಿ ಇನ್ನೂ ಯಾರಾರದು ಅದೆ, ಓದು ಎಂದಳು.

ನೀಲ ಓದಿದಳು. ಜವರಮ್ಮನ ಗಂಡ ನಂಜುಂಡನಿಗೆ ಅಳಿಯನಿಂದ: ನಿಮ್ಮ ಮಗಳಿಗೆ ಗಂಡು ಮಗು, ಬಾಣಂತಿಗೆ ರಕ್ತ ಸಾಲದು, ಆಸ್ಪತ್ರೆಯಲ್ಲಿದ್ದೇವೆ. ಇಪ್ಪತ್ತೆರಡನೇ ಲಾಯದ ಇಮ್ತಿಯಾಜನಿಗೆ ಅವನ ಮಗಳಿಂದ: ಅಬ್ಬಾ, ನಾನು ಶಾಲೆಗೇ ಮೊದಲು ಬಂದೆ, ಯಾಕೆ ಏನೂ ಹೇಳಲಿಲ್ಲ. ಇದು ಎರಡು ದಿನದ ಹಿಂದಿನದು. ಸಂತೋಷವೂ ನಾಡಿ ಏರಿಸುತ್ತದೆಂದು ಯಂತ್ರ ಅದನ್ನೂ ತಡೆದಿತ್ತು. ಬಿಹಾರದ ರಾಮಸೇವಕನಿಗೆ ಅವನ ತಾಯಿಯಿಂದ ಐದು ಸಲ ಒಂದೇ ಮಾತು ಬಂದಿತ್ತು. ಊಟ ಮಾಡಿದೆಯಾ ಮಗನೇ? ಐದರ ಮುಂದೆಯೂ ಯಂತ್ರ ಬರೆದಿತ್ತು, ಮನಸ್ಸು ಕಲಕುವ ಸಂಭವ.

ಅವನಿಗೆ ನೀಲ ಅದನ್ನು ಹಿಂದಿಯಲ್ಲಿ ಹೇಳಿದಾಗ ಅವನು ಗೋಡೆಯ ಕಡೆ ತಿರುಗಿಕೊಂಡ. ಇಪ್ಪತ್ತಮೂರನ್ನೂ ಓದಿ ಮುಗಿಸುವಷ್ಟರಲ್ಲಿ ಅಂಗಳದಲ್ಲಿ ನಲವತ್ತು ಜನ ಸೇರಿದ್ದರು, ನಲವತ್ತು ಮಣಿಕಟ್ಟುಗಳು ಕೆಂಪಗೆ ಮಿನುಗುತ್ತಿದ್ದವು. ಕುದುರೆಗಳು ಲಾಯದ ಬಾಗಿಲು ಒದೆಯುತ್ತಿದ್ದವು.

ಸಾಕಮ್ಮ ನೆಟ್ಟಗೆ ಕುಲುಮೆಗೆ ಹೋದಳು. ಕುದುರೆಯ ಗೊರಸು ಕತ್ತರಿಸುವ ಉದ್ದನೆಯ ಇಕ್ಕಳ ಹಿಡಿದು ಅಖ್ತರ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವಳು ಅಡಿಗಲ್ಲಿನ ಮೇಲೆ ಕೈ ಚಾಚಿದಳು. ಅವನು ಕೈಪಟ್ಟಿಯ ಅಡಿಗೆ ಇಕ್ಕಳದ ಬಾಯಿ ತೂರಿಸುವಾಗ ನೀಲಳ ಕಡೆ ತಿರುಗಿ, "ತಪ್ಪು ನಿಂದೊಂದೇ ಅಲ್ಲವ್ವ. ಕಾಣಿಸಬೇಕು ಅಂತ ಕಲಿಸಿದವನು ನಾನು. ಯಾರಿಗೆ ಅಂತ ಕಲಿಸಲಿಲ್ಲ," ಎಂದ. ಕಟ್ ಎಂದು ಪಟ್ಟಿ ಕಡಿಯಿತು. ಅದರಡಿಯ ಚರ್ಮ ಬೆಳ್ಳಗೆ ಸುಕ್ಕುಗಟ್ಟಿತ್ತು.

ಸಾಕಮ್ಮ ಸರಿದ ಜಾಗಕ್ಕೆ ನಂಜುಂಡ ಬಂದು ಕೈ ಚಾಚಿದ. ಆಮೇಲೆ ಇಮ್ತಿಯಾಜ್, ಆಮೇಲೆ ರಾಮಸೇವಕ. ಲಾಳ ಕಟ್ಟಿಸಿಕೊಳ್ಳಲು ಪಳಗಿದ ಕುದುರೆ ಕಾಲು ಎತ್ತಿ ಕೊಡುವಂತೆ ಒಬ್ಬೊಬ್ಬರೂ ಬಂದು ಆ ಕಬ್ಬಿಣದ ಮೇಲೆ ಮಣಿಕಟ್ಟು ಇಡುತ್ತಿದ್ದರು. ಯಾರೂ ಘೋಷಣೆ ಕೂಗಲಿಲ್ಲ. ಕಟ್, ಕಟ್ ಎಂಬ ಸದ್ದು ಒಂದೇ.

ಸಾಕಮ್ಮ ಕೆಂಪಿಯ ಹಗ್ಗವನ್ನು ಮಗಳ ಕೈಗಿಟ್ಟಳು. ಇವತ್ತು ಇದನ್ನು ಓಡಿಸಕೂಡದು, ಯಾರು ಬಂದರೂ ಕೊಡಬೇಡ, ಹಗ್ಗ ಬಿಗಿ ಹಿಡಿಯಬೇಡ, ಹೆದರಿದರೆ ಕೊರಳ ಮೇಲೆ ಕೈಯಿಟ್ಟು ಸುಮ್ಮನೆ ನಿಲ್ಲು ಎಂದಷ್ಟೇ ಹೇಳಿ, ಅಖ್ತರನ ಸ್ಕೂಟರಿನ ಹಿಂದೆ ಕೂತಳು. ಗೇಟಿನವರು ಅರ್ಧ ಗಂಟೆ ತಡೆದರಂತೆ. ನಂಜುಂಡನೂ ಮತ್ತೆ ಹತ್ತು ಜನವೂ ಹೋಗಿ ನಿಂತ ಮೇಲೆ ಬಿಟ್ಟರಂತೆ. ಆಗ ಎರಡು ಗಂಟೆ.

ಮೂರಕ್ಕೆ ಅನಿರುದ್ಧ ಕೆಳಗಿಳಿದು ಬಂದ. ಒಂಬತ್ತು ವರ್ಷ ಆ ಕುದುರೆಗಳ ಉಸಿರು ಎಣಿಸಿದವನು ಲಾಯದೊಳಗೆ ಕಾಲಿಟ್ಟದ್ದು ಆಗಲೇ. ಹೊಳೆಯುವ ಬೂಟಿನಲ್ಲಿ ಲದ್ದಿ ತುಳಿಯದಂತೆ ಜಾಗ ಹುಡುಕಿ ನಿಂತ. ಪರದೆಯ ಮೇಲೆ ನಲವತ್ತು ಗೆರೆ ಒಟ್ಟಿಗೆ ಸತ್ತಿವೆ ಎಂದ. ಮೈದಾನದಲ್ಲಿ ಹನ್ನೆರಡು ಸಾವಿರ ಜನ ಕೂತಿದ್ದಾರೆ ಎಂದ. ನಿಮ್ಮ ಕೆಲಸ ಉಳಿಯುವುದಿಲ್ಲ, ಮನೆಯೂ ಉಳಿಯುವುದಿಲ್ಲ, ಈಗಲಾದರೂ ಹಗ್ಗ ಕೊಡಿ, ಬೇರೆ ಸೈಸ್ ಹಿಡಿದುಕೊಳ್ಳುತ್ತಾನೆ ಎಂದ. ಬೇರೆ ಸೈಸ್‌ಗಾಗಿ ಸುತ್ತ ನೋಡಿದ. ಅಂಗಳದಲ್ಲಿ ನಿಂತಿದ್ದವರು ಅವನನ್ನು ನೋಡಿದರು.

"ಆ ಅಂಕಣ ಅಳಿಸೋಕೆ ಬರಲ್ಲ ಸರ್," ಎಂದಳು ನೀಲ. "ಯಂತ್ರ ಕಲಿತಾಗಿದೆ. ಅದು ನನ್ನ ಕೈಲಿಲ್ಲ. ಇನ್ನು ಮೇಲೆ ಅದಕ್ಕೆ ಇವರದೇನೂ ಸಿಗಬಾರದು. ಅಷ್ಟೇ ನನ್ನ ಕೈಲಿರೋದು."

ಅವನು ಬಂದ ದಾರಿಯಲ್ಲೇ ಹೊರಟುಹೋದ.

ದೊಡ್ಡ ಓಟ ಐವತ್ತು ನಿಮಿಷ ತಡವಾಗಿ, ಹನ್ನೊಂದರ ಬದಲು ಐದೇ ಕುದುರೆಗಳೊಡನೆ ನಡೆಯಿತು. ತಾಂತ್ರಿಕ ಕಾರಣ ಎಂದು ಮೈಕಿನಲ್ಲಿ ಹೇಳಿದರು. ಜನ ಕೂಗಿದ್ದು ಲಾಯದವರೆಗೂ ಕೇಳಿಸಿತು. ಯಾವುದು ಮೊದಲು ಬಂತೆಂದು ನೀಲ ಕೇಳಲಿಲ್ಲ. ಅವಳು ಕೆಂಪಿಯ ಎದೆಪಟ್ಟಿ ಬಿಚ್ಚಿ ನೆಲಕ್ಕೆ ಹಾಕಿದ್ದಳು. ಇಷ್ಟು ವರ್ಷ ಅವಳು ಈ ಕುದುರೆಯ ಒಂದೊಂದು ಬಡಿತವನ್ನೂ ಕಂಡಿದ್ದಳು, ಅದರ ಮೈ ಇಷ್ಟು ಬಿಸಿಯೆಂಬುದು ಮಾತ್ರ ಗೊತ್ತಿರಲಿಲ್ಲ. ಅದರ ಮನಸ್ಸಿನಲ್ಲಿ ಏನಿದೆಯೆಂದು ಹೇಳುವ ಗೆರೆ ಯಾವುದೂ ಕಣ್ಣ ಮುಂದೆ ಇಲ್ಲದೆ ಅವಳಿಗೆ ಭಯವಾಗುತ್ತಿತ್ತು. ಅವ್ವ ಹೇಳಿದ ಹಾಗೆ ಕೊರಳ ಮೇಲೆ ಕೈಯಿಟ್ಟು ನಿಂತಳು. ಎಷ್ಟೋ ಹೊತ್ತಿನ ಮೇಲೆ ಅದು ತಲೆ ತಗ್ಗಿಸಿ ಬಕೆಟ್ಟಿಗೆ ಬಾಯಿ ಹಾಕಿತು.

ಐದೂವರೆಗೆ ಜವರಮ್ಮ ತನ್ನ ಫೋನು ಹಿಡಿದು ಓಡಿಬಂದಳು. ಶಿವಮಾದುವಿನ ಫೋನಿನಿಂದ ಸಾಕಮ್ಮ ಮಾತಾಡುತ್ತಿದ್ದಳು. ಹಿಂದುಗಡೆ ತಮಟೆಯ ಸದ್ದಿರಲಿಲ್ಲ, ಗಾಳಿ ಬೀಸುತ್ತಿತ್ತು.

"ಮುಚ್ಚವ್ರೆ ಮಗ," ಎಂದಳು. "ಮೂರೂವರೆ ಗಂಟ ಕಾದ್ರಂತೆ. ಸುದ್ದಿ ಮುಟ್ಟದೆ, ಬತ್ತಾಳೆ ಅಂತ ಕಾದ್ರಂತೆ. ಬರ್ಲಿಲ್ಲ ಅಂತ ಮುಚ್ಚವ್ರೆ. ಮಣ್ಣು ಇನ್ನೂ ಹಸೀದದೆ."

ಆಮೇಲೆ ಸಾಕಮ್ಮನೇ ಕೇಳಿದಳು:

"ಕೆಂಪಿ ನೀರು ಕುಡೀತಾ?"

"ಕುಡೀತು ಕಣವ್ವ."

"ಎಷ್ಟು ಕುಡೀತು?"

ನೀಲ ಬಕೆಟ್ಟಿನ ಕಡೆ ನೋಡಲಿಲ್ಲ.

"ಲೆಕ್ಕ ಇಡ್ಲಿಲ್ಲ ಕಣವ್ವ. ಸಾಕು ಅನ್ನೋ ಗಂಟ ಕುಡೀತು."

ಸಾಕಮ್ಮ ಹೂಂ ಎಂದಳು. ಉಸಿರೊಂದು ಎಲ್ಲೋ ಸಿಕ್ಕಿಕೊಂಡು, ಬಿಡಿಸಿಕೊಂಡು, ಅಕ್ಕಾ ಎಂಬ ಮಾತಾಗಿ ಹೊರಬಂತು. ಎರಡು ವರ್ಷ ಒಳಗೇ ನಿಂತದ್ದೆಲ್ಲ ಅದರ ಹಿಂದೆ ಬಂತು. ನೀಲ ಫೋನು ಕಿವಿಗಿಟ್ಟುಕೊಂಡು ಲಾಯದ ನೆಲದ ಮೇಲೆ ಕುಳಿತು, ಅವ್ವ ಅತ್ತು ಮುಗಿಸುವ ತನಕ ಕೇಳುತ್ತಲೇ ಇದ್ದಳು.